ಬೆಲ್ ಬಂದ್ ಮಾಡಿದ ಲೈನು

ಆ ಗುರುವಾರ ಮಧ್ಯಾಹ್ನ ಕಾಪುವಿನ ನಮ್ಮ ಎಸ್‌ಟಿಡಿ ಅಂಗಡಿಯಲ್ಲಿ ಮೂವರಿದ್ದೆವು: ಯಜಮಾನರಾದ ನನ್ನ ಮಾವ, ನಾನು, ಬೆಂಚಿನ ತುದಿಯಲ್ಲಿ ಮೀನು ಮಾರುವ ಅಕ್ಕ. ಅವರ ಗಂಡ ಗಲ್ಫಿನಲ್ಲಿ ಕಟ್ಟಡದಿಂದ ಬಿದ್ದು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರು. ಕಾಲಿನ ಆಪರೇಷನ್ನಿಗೆ ಹೆಂಡತಿಯ ಸಹಿ ಬೇಕಿತ್ತು. ಕಾಗದ ಕಂಪೆನಿಯ ಆಫೀಸಿನಿಂದ ಫ್ಯಾಕ್ಸಿನಲ್ಲಿ ಬರಬೇಕು, ಸಹಿ ಹಾಕಿ ಅಂದೇ ತಿರುಗಿ ಕಳುಹಿಸಬೇಕು. ಮರುದಿನ ಶುಕ್ರವಾರ, ಅಲ್ಲಿ ರಜೆ.

ನಮ್ಮಲ್ಲಿ ಫ್ಯಾಕ್ಸ್ ಯಂತ್ರವಿರಲಿಲ್ಲ; ಪ್ರಿಂಟರು, ಸ್ಕ್ಯಾನರು ಜೋಡಿಸಿದ ಕಂಪ್ಯೂಟರೇ ಆ ಕೆಲಸ ಮಾಡುತ್ತಿತ್ತು. ಎಸ್‌ಟಿಡಿಯದ್ದು ಬೇರೆ ಲೈನು; ಕಂಪ್ಯೂಟರಿಗೆ ಫೋನ್ ಲೈನು ಜೋಡಿಸುವ ಒಂದು ಮೋಡೆಮ್, ಒಂದು ಲೈನು. ಫ್ಯಾಕ್ಸ್ ಪ್ರೋಗ್ರಾಮು ಅದನ್ನು ಹಿಡಿದು ಕಾದಿರುತ್ತಿತ್ತು. ಯಾರಿಗಾದರೂ ಈ-ಮೇಲ್ ನೋಡಬೇಕೆಂದರೆ ಟರ್ಮಿನಲ್ ಎಂಬ ಇನ್ನೊಂದು ಪ್ರೋಗ್ರಾಮು ತೆರೆದು ಡಯಲ್ ಮಾಡಬೇಕು. ಅದನ್ನು ಮುಚ್ಚುವವರೆಗೆ ಫ್ಯಾಕ್ಸಿಗೆ ಮೋಡೆಮ್ ಸಿಗದು.

ಆ ಲೈನಿನ ಫೋನಿನ ಬೆಲ್ಲನ್ನು ನಾನೇ ಬಂದ್ ಮಾಡಿದ್ದೆ. ಕರೆದವರಿಗೆ ಉತ್ತರ ಕೊಡದಿರುವುದು ಮಾವನ ಪ್ರಕಾರ ಮರ್ಯಾದೆಯಲ್ಲ. ಬೆಲ್ಲಾದರೆ ಓಡಿಹೋಗಿ ರಿಸೀವರ್ ಎತ್ತಿ, ಫ್ಯಾಕ್ಸಿನ ಕಿರಿಚಾಟಕ್ಕೂ "ಹಲೋ, ಯಾರು ಮಾತಾಡುವುದು?" ಎನ್ನುತ್ತಿದ್ದರು. ಫ್ಯಾಕ್ಸ್ ಅಲ್ಲಿಗೆ ಕೆಟ್ಟುಹೋಗುತ್ತಿತ್ತು.

ಎರಡು ಗಂಟೆಗೆ ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ಬಂದು ಈ-ಮೇಲ್ ನೋಡಿ ಹೋದಳು. ನಾನು ಕರೆ ಕಡಿದೆ, ಟರ್ಮಿನಲ್ ಮುಚ್ಚಲಿಲ್ಲ. ಪರದೆಗೆ ಬೆನ್ನು ಹಾಕಿ ಮಾತಿಗೆ ಕೂತೆ.

"ಎಂತ ಮಗಾ, ನಿನ್ನ ಪೆಟ್ಟಿಗೆ ನಿದ್ದೆ ಮಾಡ್ತಾ ಉಂಟಾ?" ಎಂದರು ಅಕ್ಕ.

"ಬಂದ್ರೆ ಅದೇ ತೆಗೆದುಕೊಳ್ತದೆ ಅಕ್ಕ."

"ಬೆಲ್ಲಿದ್ದಿದ್ರೆ ನಾನು ಹೇಳ್ತಿದ್ದೆ," ಎಂದರು ಮಾವ. "ಈ ಮಾರಾಯನಿಗೆ ನನ್ನ ಹಲೋ ಆಗುವುದಿಲ್ಲ, ಅಲ್ವಾ?"

ಅಕ್ಕ ನಕ್ಕರು. ಬೆಳಗ್ಗಿನಿಂದ ಅದೊಂದೇ ನಗು.

ಐದೂವರೆಗೆ ತಿರುಗಿ ನೋಡಿದೆ. ಟರ್ಮಿನಲ್ಲಿನ ಕಪ್ಪು ಪರದೆಯ ತುಂಬ, ಸಾಲಿನ ಕೆಳಗೆ ಸಾಲು, 'ರಿಂಗ್' ಎಂಬ ಒಂದೇ ಶಬ್ದ. ಕಂಪೆನಿಯವರು ಮತ್ತೆ ಮತ್ತೆ ಕರೆದಿದ್ದರು, ಫ್ಯಾಕ್ಸಿಗೆ ಮೋಡೆಮ್ ಸಿಕ್ಕಿರಲಿಲ್ಲ. ಎಸ್‌ಟಿಡಿ ಲೈನಿನಿಂದ ಆ ಆಫೀಸಿಗೆ ಮಾಡಿದೆ, ಯಾರೂ ಎತ್ತಲಿಲ್ಲ.

"ಲೈನ್ ಸರಿ ಇಲ್ಲ ಅಕ್ಕ," ಎಂದೆ. ಮಾವ ಪರದೆಯನ್ನೂ ನನ್ನನ್ನೂ ನೋಡಿದರು.

"ನಾಳೆ ಬರ್ತದಾ?"

"ನಾಡಿದ್ದು."

"ಇನ್ನೂ ಎರಡು ದಿನ ಅವರು ಹಾಗೇ ಮಲಗಬೇಕಾ ಮಗಾ?"

ಶನಿವಾರ ಕಾಗದ ಬಂತು, ಸಹಿಯೂ ಹೋಯಿತು. ಮೂರು ತಿಂಗಳ ನಂತರ ಅಕ್ಕನ ಗಂಡ ಊರಿಗೆ ಬಂದಾಗ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಗುರುವಾರವೇ ಸಹಿ ಹೋಗಿದ್ದರೆ ಉಳಿಯುತ್ತಿತ್ತೇ, ಗೊತ್ತಿಲ್ಲ. ಆ ವಾರವೇ ಅವರ ಮನೆಗೆ ಹೋಗಿ ಇಬ್ಬರ ಎದುರೂ ನಡೆದದ್ದನ್ನು ಹೇಳಿದೆ. ಗಂಡ ಕುರ್ಚಿ ತೋರಿಸಿ, "ಕೂತುಕೊಳ್ಳಿ" ಎಂದರು. ಅಕ್ಕ ಎದ್ದು ಒಳಗೆ ಹೋದರು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.