ಅಮ್ಮನಿಗೆ ರೈತರ ದುಡ್ಡು ನಿಂತಾಗ

ಕೆಲವು ತಿಂಗಳಿಗೊಮ್ಮೆ ಅಮ್ಮನ ಫೋನಿಗೆ ಬರುತ್ತಿದ್ದ ಸಂದೇಶ ಒಂದು ಸಲ ಬರಲಿಲ್ಲ. ಸರ್ಕಾರ ರೈತರ ಖಾತೆಗೆ ಹಾಕುವ ಸಹಾಯಧನದ ಸಂದೇಶ ಅದು. ಬಂದಾಗಲೆಲ್ಲ ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ದುಡ್ಡೇನೋ ಬಿತ್ತನೆ ರಾಗಿಗೆ, ಟ್ರ್ಯಾಕ್ಟರಿನವನಿಗೆ ಹೋಗುತ್ತಿತ್ತು. ಅವಳಿಗೆ ಬೇಕಿದ್ದುದು ಅದರಲ್ಲಿದ್ದ ರೈತ ಎಂಬ ಮಾತು. ಬೀದಿಯಲ್ಲಿ ಎಲ್ಲರಿಗೂ ಅವಳು ಬಳೆ ಅಂಗಡಿಯವರ ಹೆಂಡತಿ.

ಮಾಗಡಿ ಕಡೆ ತವರಿನಿಂದ ಅವಳ ಪಾಲಿಗೆ ಬಂದ ಹೊಲವಿದೆ. ಪಹಣಿ ಅವಳ ಹೆಸರಿನಲ್ಲಿದೆ. ಕೆಲಸದ ದಿನಗಳಲ್ಲಿ ಮಾರ್ಕೆಟ್ಟಿನಿಂದ ಬೆಳಗಿನ ಬಸ್ಸು ಹಿಡಿದು ಹೋಗಿ, ಹಳೇ ಸೀರೆ ಎತ್ತಿ ಕಟ್ಟಿ, ಕೂಲಿ ಹೆಂಗಸರ ಜೊತೆ ರಾಗಿಯ ಕಳೆ ಕೀಳುತ್ತಾಳೆ. ಸಂಜೆಗೆ ಮನೆ.

ದುಡ್ಡು ಯಾಕೆ ನಿಂತಿತೆಂದು ಕೇಳಲು ನಾನೂ ಅಮ್ಮನೂ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೊರಟೆವು. ನಮ್ಮ ಕಡೆಯವರಿಗೆ ಸರ್ಕಾರಿ ಕಚೇರಿ ಎಂದರೆ ಮದುವೆಮನೆ ಇದ್ದಹಾಗೆ. ಗಂಜಿ ಹಾಕಿ ಇಸ್ತ್ರಿ ಮಾಡಿಸಿದ ಸೀರೆ, ಮುಡಿಗೆ ಮಲ್ಲಿಗೆ. ಅದೇ ತಪ್ಪಾಯಿತು. ಗುಮಾಸ್ತ ಸೀರೆಯನ್ನು ನೋಡಿದ, ಆಧಾರ್ ಕಾರ್ಡಿನ ವಿಳಾಸ ನೋಡಿದ.

“ಚಾಮರಾಜಪೇಟೆ. ಜಮೀನು ಯಾರು ನೋಡ್ಕೋತಾರೆ ಮೇಡಂ?”

“ನಾನೇ.”

“ನೋಡ್ಕೊಂಡು ಬರೋದಲ್ಲ ಮೇಡಂ. ಗೇಯೋರು ಯಾರು ಅಂತ.”

“ನಾನೇ ಅಂದ್ನಲ್ಲಪ್ಪ.”

ಬೆಂಚಿನ ಮೇಲಿದ್ದವರು ನಕ್ಕರು. ಪೇಟೆಯ ವಿಳಾಸ ಇರುವುದಕ್ಕೇ ದುಡ್ಡು ತಡೆದಿದ್ದಾರೆ, ಹೊಲಕ್ಕೇ ಬಂದು ನೋಡುತ್ತೇವೆ ಎಂದ ಗುಮಾಸ್ತ.

ಈ ಭಾಗವನ್ನು ನಂಟರಿಗೆ ಹೇಳುವಾಗ ಅಮ್ಮ ಏನೋ ಖಡಕ್ಕಾಗಿ ಅಂದು ಎದ್ದುಬಂದಳೆಂದು ಸೇರಿಸುತ್ತೇನೆ. ಅಂಥದ್ದೇನೂ ಆಗಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಅದಕ್ಕೂ ನಾನೇ ಬಣ್ಣ ಹಚ್ಚಿದೆನೋ ಏನೋ. ಬಸ್ಸಿನಲ್ಲಿ ಆಡಿದ್ದು ಮಾತ್ರ ಚೆನ್ನಾಗಿ ನೆನಪಿದೆ.

“ಅವ್ರು ಬಂದಾಗ ಹಳೇ ಸೀರೆ ಉಟ್ಕೊಂಡು, ಕೈಕಾಲು ಮಣ್ಣು ಮಾಡ್ಕೊಂಡು ನಿಂತ್ಕೋ,” ಎಂದೆ.

“ನೀನು ಆಫೀಸಿಗೆ ನೈಟಿ ಹಾಕ್ಕೊಂಡು ಹೋಗ್ತೀಯೇನೆ?”

“ಅದು ಬೇರೆ, ಅಮ್ಮ.”

“ಗೇಯಕ್ಕೊಂದು ಸೀರೆ ಇದೆ, ಬಂದೋರನ್ನ ನೋಡಕ್ಕೊಂದಿದೆ. ನನ್ನ ಹೊಲದಲ್ಲಿ ನಾನ್ಯಾಕೆ ವೇಷ ಹಾಕ್ಲಿ?”

ಹಳ್ಳಿಯಲ್ಲಿರುವ ಸೋದರಮಾವ ಸುಲಭದ ದಾರಿ ಹೇಳಿದ. “ಆಧಾರ್‌ಗೆ ನಮ್ಮನೆ ಅಡ್ರೆಸ್ ಹಾಕ್ಸು, ಅಕ್ಕಾ. ಯಾರು ಕೇಳ್ತಾರೆ?”

“ಸಂಜೆ ಆದ್ರೆ ಬಸ್ಸಿಗೆ ಟೈಮಾಯ್ತು ಅಂತ ಓಡಿಸ್ತೀಯ. ಈಗ ಅಡ್ರೆಸ್ ಕೊಡ್ತೀಯೇನೋ?” ಎಂದಳು ಅಮ್ಮ.

ಗುಮಾಸ್ತ ಬೈಕಿನಲ್ಲಿ ಬಂದ ದಿನ ಅಮ್ಮ ಇಸ್ತ್ರಿ ಸೀರೆಯಲ್ಲೇ ಬದುವಿನ ಮೇಲೆ ನಿಂತಿದ್ದಳು. ಅವನು ಫೋನಿನಲ್ಲಿ ಫೋಟೋ ತೆಗೆದ. ಕಳೆ ಕೀಳುತ್ತಿದ್ದ ಹೆಂಗಸು, “ಈವಮ್ಮ ನಮ್ ಜತೇಲೆ ಬಗ್ಗೋರು ಸಾಮಿ. ಇವತ್ತು ನೀವು ಬತ್ತೀರ ಅಂತ ಮದುಮಗಳಾಗವ್ರೆ,” ಎಂದಳು. ಗುಮಾಸ್ತನೂ ನಕ್ಕ. ಕೆಟ್ಟವನಲ್ಲ ಅವನು, ಈ ಕಥೆಗೆ ಒಬ್ಬ ದುಷ್ಟ ಸಿಕ್ಕಿದ್ದರೆ ನನಗೆ ಬರೆಯಲು ಅನುಕೂಲವಾಗುತ್ತಿತ್ತು.

“ಊರಲ್ಲೇ ವಾಸ ಅಂತ ಒಂದು ಸಾಲು ಬರ್ಕೊಡಿ ಮೇಡಂ. ಇವತ್ತೇ ಕಳಿಸ್ತೀನಿ.”

ಅಮ್ಮ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಬರೆದಳು: ಚಾಮರಾಜಪೇಟೆಯಲ್ಲಿ ವಾಸವಿದ್ದೇನೆ. ಇಲ್ಲಿ ಬೇಸಾಯ ಮಾಡುತ್ತೇನೆ.

“ಹಿಂಗೆ ಬರೆದ್ರೆ ವಾಪಸ್ ಬರುತ್ತೆ.”

“ಬರ್ಲಿ. ಮತ್ತೆ ಇದನ್ನೇ ಬರೀತೀನಿ.”

ವಾಪಸ್ ಬಂತು. ಮತ್ತೆ ಅದನ್ನೇ ಬರೆದಳು. ದುಡ್ಡು ಇನ್ನೂ ಬಂದಿಲ್ಲ. ಮುಂದೆ ಬಂದೇ ಬರುತ್ತದೆ ಎಂದು ಹೇಳಿ ಇದನ್ನು ನಾನು ಚೆಂದಗಾಣಿಸುವುದಿಲ್ಲ. ಈ ಸಲದ ಅರ್ಜಿಯಲ್ಲಿ ಅವಳ ಸಹಿಯ ಕೆಳಗೆ ಸಾಕ್ಷಿಯೆಂದು ನಾನೂ ಸಹಿ ಹಾಕಿದ್ದೇನೆ, ಚಾಮರಾಜಪೇಟೆಯ ವಿಳಾಸ ಪೂರ್ತಿ ಬರೆದು.