ಹೊಲಿಗೆ ಬಿಚ್ಚಿದ ಪುಸ್ತಕ

ದರ್ಜಿ ಕೆಲಸದ ಆ ಹೆಂಗಸನ್ನು ನಾನು ಮೊದಲು ಕಂಡದ್ದು ಗ್ರಂಥಾಲಯದಲ್ಲಿ. ಕೊರಳಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು. ಯಂತ್ರದ ಮುಂದಿನಿಂದ ಎದ್ದು ಹಾಗೆಯೇ ಓಡಿಬಂದಿದ್ದಳು. ಮಾತನಾಡುವಷ್ಟು ಹೊತ್ತೂ ಮೇಜಿನ ಮೇಲಿದ್ದ ಪತ್ರಿಕೆಗಳ ಅಂಚನ್ನು ಸರಿಹೊಂದಿಸುತ್ತಲೇ ಇದ್ದಳು.

"ಈಗತಾನೇ ಓದೋಕೆ ಕಲೀತಿರೋ ಮಕ್ಕಳಿಗೆ ಪುಸ್ತಕ ಸಿಗುತ್ತಾ ಸಾರ್? ದುಡ್ಡು ಕೊಡದೆ?"

ಗ್ರಂಥಪಾಲಕ ದಪ್ಪ ಸಂಪುಟಗಳ ಕಪಾಟಿನ ಕಡೆ ಕೈ ತೋರಿಸಿದ. "ಇಲ್ಲಿರೋದೆಲ್ಲ ಪುಕ್ಕಟೆನೇ ತಾಯಿ. ಆದ್ರೆ ಓದಿ ಮುಗಿಸೋ ಹೊತ್ತಿಗೆ ನಿಮ್ಮ ಮಕ್ಕಳಿಗೆ ಮೊಮ್ಮಕ್ಕಳಾಗಿರುತ್ತವೆ."

ಆಕೆ ನಗಲಿಲ್ಲ. ಏಳು ವರ್ಷದ ಮಗಳು ಪುಟ್ಟಿಗೆ ಉಬ್ಬಸದ ಕಾಟ. ತುಂಬಿದ ತರಗತಿಯಲ್ಲಿ ಉಸಿರು ಕಟ್ಟಿ ಬಿದ್ದ ಮೇಲೆ ವೈದ್ಯರು ಮನೆಯಲ್ಲೇ ಕಲಿಸಿ ಎಂದಿದ್ದರು. ಶಿಕ್ಷಣ ಕಚೇರಿ ಒಪ್ಪಿತ್ತು, ಷರತ್ತಿನ ಮೇಲೆ: ವರ್ಷದ ಕೊನೆಗೆ ಬರುವ ಪರೀಕ್ಷಕಿಯ ಮುಂದೆ ಮಗು ಓದಿ ತೋರಿಸಬೇಕು. ಇಲ್ಲವಾದರೆ ಮತ್ತೆ ಅದೇ ತರಗತಿ.

ಅಂತರ್ಜಾಲದಲ್ಲಿ ಉಚಿತವಾಗಿ ಹಾಕಿರುವ ಪುಟ್ಟ ಪುಸ್ತಕಗಳಿವೆ, ಪುಟಕ್ಕೆ ಒಂದೇ ಸಾಲು ಎಂದು ನಿವೃತ್ತ ಮೇಷ್ಟ್ರಾದ ನಾನು ಹೇಳಿದೆ. ವಾಕ್ಯ ಮುಗಿಯುವ ಮೊದಲೇ ಆಕೆ ಬಾಗಿಲಲ್ಲಿದ್ದಳು. "ಬನ್ನಿ ಮೇಷ್ಟ್ರೇ, ನಡೀತಾ ಹೇಳಿ!"

ಜೆರಾಕ್ಸ್ ಅಂಗಡಿಯವನು ಒಂದು ಮಗ್ಗುಲು ಅಚ್ಚಾಗಿ ಹಾಳಾದ ಕಾಗದದ ಕಟ್ಟು ಕೊಟ್ಟ. ಯಾವ್ಯಾವುದೋ ಕಂಪನಿಗಳ ಸಾಮಾನು ಬಳಸುವ ಬಗೆ ಹೇಳುವ ಕನ್ನಡ ಸೂಚನಾಪತ್ರಗಳು. ಖಾಲಿ ಮಗ್ಗುಲಿನಲ್ಲಿ ಕತೆಗಳು ಅಚ್ಚಾದವು. ದರ್ಜಿಯ ಕಣ್ಣಿಗೆ ಆ ಹಿಂಬದಿ ಬಟ್ಟೆಯ ಒಳಮೈಯಂತೆ ಕಂಡಿರಬೇಕು. ಎರಡೆರಡು ಹಾಳೆಗಳನ್ನು ಬೆನ್ನಿಗೆ ಬೆನ್ನು ಕೂಡಿಸಿ, ದಿಂಬಿನ ಗವಸಿನಂತೆ ನಾಲ್ಕೂ ಅಂಚಿಗೆ ಹೊಲಿಗೆ ಹಾಕಿ, ಆಮೇಲೆ ಪುಸ್ತಕ ಕಟ್ಟಿದಳು. ಹಾಳಾದದ್ದೆಲ್ಲ ಒಳಗೆ, ಕತೆ ಹೊರಗೆ. ಅಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ನನ್ನ ಇಡೀ ಸೇವೆಯಲ್ಲಿ ಕಂಡಿರಲಿಲ್ಲ.

ಹೊಲಿಯುತ್ತಲೇ ಆಕೆ ಓದಿಹೇಳುವಳು, ಯಂತ್ರದ ಸದ್ದನ್ನು ಮೀರಿಸಿ ಕೂಗಿ. ಪುಟ್ಟಿ ದನಿಗೂಡಿಸುವಳು. ಕೆಲವೇ ದಿನಗಳಲ್ಲಿ ಆಕೆಯ ಅತ್ತೆ ಬೀದಿಗೆಲ್ಲ ಡಂಗುರ ಸಾರಿದರು: "ನನ್ನ ಮೊಮ್ಮಗಳು ಅರಳು ಹುರಿದ ಹಾಗೆ ಓದ್ತಾಳೆ!"

ನಾನು ಹೋಗಿ ಕೇಳಿದೆ. ನಿಜ, ಎಲ್ಲೂ ತಡವರಿಸಲಿಲ್ಲ. ಆದರೆ ಎರಡು ಹಾಳೆ ಒಟ್ಟಿಗೆ ಮಗುಚಿಕೊಂಡಾಗಲೂ ಕತೆ ತಪ್ಪಲಿಲ್ಲ. ಕಾಣದ ಪುಟದ ಆನೆಯೂ ಬಂದು ಸ್ನಾನ ಮಾಡಿ ಹೋಯಿತು. ಪುಟ್ಟಿಯ ಪುಟಾಣಿ ತಮ್ಮ ಕಿಸಕ್ಕೆಂದು ನಕ್ಕ. ಯಂತ್ರ ನಿಂತಿತು.

"ಬಾಯಿಪಾಠಾನಾ ಮೇಷ್ಟ್ರೇ?"

"ಹೌದಮ್ಮ."

"ಮುಂದಿನ ತಿಂಗಳೇ ಬರ್ತಾರೆ ಆ ಪರೀಕ್ಷಕಿ."

ಅಂದಿನಿಂದ ಆಕೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಂಡಿ ಹೊಲಿಯುವುದನ್ನು ಅರ್ಧಕ್ಕೆ ಬಿಟ್ಟು ಹೊಸ ಪುಸ್ತಕ ಹುಡುಕುವಳು, ಅಚ್ಚು ಹಾಕಿಸಲು ಓಡುವಳು. ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡತೋಳುಗಳೇ ಕೂತವು. ಆದರೂ ಪ್ರತಿಯೊಂದು ಕತೆಯೂ ಸಂಜೆಯೊಳಗೆ ಮಗುವಿನ ಬಾಯಿಗೆ ಬಂದುಬಿಡುತ್ತಿತ್ತು. ಮೊದಲು ತಾನು ಓದಿಹೇಳದೆ ಇರಲು ಆ ತಾಯಿಗೆ ಆಗುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಹೋದಾಗ ಬಾಗಿಲಿನವರೆಗೂ ಜಗಳ ಕೇಳಿಸಿತು. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಪುಟ್ಟಿ ಒಂದು ಪುಸ್ತಕದ ಅಂಚುಗಳನ್ನೆಲ್ಲ ಬಿಚ್ಚಿ ಹರಡಿಕೊಂಡಿದ್ದಳು.

"ಅಷ್ಟು ಕಷ್ಟಪಟ್ಟು ಹೊಲಿದಿದ್ದು ಕಣೇ! ಯಾಕೆ ಬಿಚ್ಚಿದೆ?"

"ಒಳಗೆ ಇನ್ನೊಂದು ಪುಸ್ತಕ ಇದೆಯಮ್ಮ."

"ಅದು ಕಸ."

"ಕಸ ಅಲ್ಲ, ಪಂಪು." ಪುಟ್ಟಿ ಬೆರಳಿಟ್ಟು ಎಡವುತ್ತ ಓದಿದಳು: "ಒದ್ದೆ... ಕೈಯಿಂದ... ಮು-ಟ್ಟ-ಬೇಡಿ. ನೀರಿಲ್ಲದೆ... ಪಂಪು... ಓಡಿಸಬೇಡಿ. ಯಾಕಮ್ಮ, ಅದಕ್ಕೂ ಬಾಯಾರುತ್ತಾ?"

ಆ ಸಾಲುಗಳನ್ನು ಅವಳಿಗೆ ಯಾರೂ ಓದಿಹೇಳಿರಲಿಲ್ಲ. ತಾಯಿ ಕತ್ತರಿಯನ್ನು ಕೆಳಗಿಟ್ಟಳು, ಎತ್ತಿಕೊಂಡಳು, ಮತ್ತೆ ಇಟ್ಟಳು.

"ಇನ್ನೊಂದು ಬಿಚ್ಚು," ಎಂದಳು.

ಪರೀಕ್ಷಕಿ ಬಂದು ತಮ್ಮದೊಂದು ಹಾಳೆ ಕೊಟ್ಟಾಗ ಪುಟ್ಟಿ ಮೊದಲು ಅದನ್ನು ಮಗುಚಿ ಹಿಂಬದಿ ನೋಡಿದಳು. ಆಮೇಲೆ ನಿಧಾನವಾಗಿ, ತಪ್ಪಿದಲ್ಲಿ ತಿದ್ದಿಕೊಳ್ಳುತ್ತ ಓದಿದಳು. ತಾಯಿ ಒಳಗೂ ಹೊರಗೂ ತಿರುಗುತ್ತಿದ್ದಳು.

"ಕೂತ್ಕೊಳ್ಳಿ ತಾಯಿ, ನಿಮ್ಮ ಮಗಳು ಮನೇಲೇ ಕಲೀಲಿ," ಎಂದರು ಪರೀಕ್ಷಕಿ. ಆಕೆ ಆಗಲೂ ಕೂರಲಿಲ್ಲ.

ಮನೆಯಲ್ಲೇ ಮಕ್ಕಳಿಗೆ ಕಲಿಸುವ ಬೇರೆ ತಾಯಂದಿರೂ ಈಗ ಆಕೆಯನ್ನು ಹುಡುಕಿಕೊಂಡು ಬರುತ್ತಾರೆ. ಅವರಿಗೂ ಪುಸ್ತಕ ಹೊಲಿದು ಕೊಡುತ್ತಾಳೆ. ತಮ್ಮನ ಸರದಿಯೂ ಬಂದಿದೆ. "ಇವನು ಆನೆ, ಮೊಲ ಏನೂ ಮೂಸಿ ನೋಡಲ್ಲ ಮೇಷ್ಟ್ರೇ. ಬಸ್ಸಿನ ಪುಸ್ತಕ ಎಲ್ಲಾದ್ರೂ ಪುಕ್ಕಟೆ ಇದೆಯಾ?" ಎಂದು ನಿನ್ನೆಯೂ ಗ್ರಂಥಾಲಯಕ್ಕೆ ಓಡಿಬಂದಿದ್ದಳು. ಹಾಳೆಗಳಿಗೆ ಈಗ ಮೂರು ಅಂಚು ಮಾತ್ರ ಗಟ್ಟಿಯಾಗಿ ಹೊಲಿಯುತ್ತಾಳೆ. ನಾಲ್ಕನೆಯದಕ್ಕೆ ಕಚ್ಚಾ ಹೊಲಿಗೆ, ಪುಟ್ಟ ಬೆರಳು ಎಳೆದರೆ ಬಿಚ್ಚಿಕೊಳ್ಳುವಷ್ಟು.