ಪೂರ್ವಿ ಹಾಕಿದ ಕಾಯಿಲ್

ಮೈಸೂರಿನಿಂದ ಸೂರತ್ತಿನ ಉಧ್ನಾದ ವಿಮಾ ಕಚೇರಿಗೆ ವರ್ಗವಾಗಿ ಬಂದ ನಂಜುಂಡನಿಗೆ, ತನಗೆ ಕಾರಿನ ವಿಷಯ ಗೊತ್ತು ಎಂಬ ಭ್ರಮೆ ಬಹುಕಾಲದಿಂದ ಇತ್ತು. ಹೆಂಡತಿ ಪೂರ್ವಿ ಡ್ರೈವಿಂಗ್ ಪರೀಕ್ಷೆಗೆ ಹೋದಾಗ, ಏರು ಹತ್ತುವಲ್ಲಿ ಕಾರು ಗಡಗಡ ನಡುಗಿ ನಿಂತಿತು; ಅವಳು ಫೇಲಾಗಿ ಬಂದಳು.

"ಕ್ಲಚ್ ಬಿಡೋದೇ ಬರಲ್ಲ ನಿಂಗೆ" ಎಂದು ಎರಡು ವಾರ ಪಾಠ ಮಾಡಿದ. ಆಮೇಲೊಂದು ಸಂಜೆ ಫ್ಲೈಓವರಿನ ಮೇಲೆ ಅದೇ ಕಾರು ಅವನ ಕೈಯಲ್ಲೂ ಹಾಗೇ ನಿಂತಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಪಕ್ಕದಲ್ಲಿದ್ದ ಪೂರ್ವಿ ಮೆಲ್ಲಗೆ, "ಕ್ಲಚ್ಚು ರೀ, ಕ್ಲಚ್ಚು" ಎಂದಳು.

ಒಂದನೇ ಸಿಲಿಂಡರಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಹೋಗಿದೆ ಎಂದ ಮೆಕ್ಯಾನಿಕ್ಕು, ಸೋಮವಾರದವರೆಗೆ ಪುರುಸೊತ್ತಿಲ್ಲ ಎಂದೂ ಹೇಳಿದ. ಪೂರ್ವಿಯ ಮರುಪರೀಕ್ಷೆ ಶನಿವಾರ ಹನ್ನೊಂದಕ್ಕೆ, ಇದೇ ಗಾಡಿಯಲ್ಲಿ.

"ನಾನೇ ಹಾಕ್ತೀನಿ ಬಿಡು" ಎಂದ ನಂಜುಂಡ.

ಹೊಸ ಕಾಯಿಲ್ ಕೊಂಡು ತಂದು, ಶನಿವಾರ ಬೆಳಿಗ್ಗೆ ಬ್ಯಾಟರಿಯ ವೈರು ಬಿಚ್ಚಿ ಬಾನೆಟ್ಟಿನೊಳಗೆ ಬಗ್ಗಿದ. ಸಾಲಾಗಿ ಮೂರು ಕಾಯಿಲ್. ದಿನವಿಡೀ ಅರ್ಜಿ ನೋಡುವವನಿಗೆ ಒಂದನೆಯದು ಎಂದರೆ ಎಡತುದಿಯದೇ. ಅದರ ಬೋಲ್ಟು ತೆಗೆದು, ಹಳೆಯದನ್ನು ಎಳೆದು, ಹೊಸದನ್ನು ಒತ್ತಿ ಕೂರಿಸಿ, ವೈರು ಸೇರಿಸಿ ಸ್ಟಾರ್ಟ್ ಮಾಡಿದ. ಕಾರು ಮೊದಲಿನಷ್ಟೇ ಭಕ್ತಿಯಿಂದ ನಡುಗಿತು.

"ಸು ಥಯು, ನಂಜುಂಡಭಾಯ್?" ಏನಾಯಿತೆಂದು ಗೇಟಿನಿಂದ ವಾಚ್‌ಮನ್ ಕೂಗಿದ.

"ಏನಿಲ್ಲ ಕಣಪ್ಪಾ!" ಎಂದು ಅಚ್ಚ ಕನ್ನಡದಲ್ಲಿ ಉತ್ತರ ಹೋಯಿತು. ಗಂಟೆ ಒಂಬತ್ತೂವರೆ.

ಪೂರ್ವಿ ಸೂರತ್ತಿನ ಪಕ್ಕದ ಸಚಿನ್ ಎಂಬ ಊರಿನ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಬಗ್ಗಿ ನೋಡಿದಳು. "ಎಡಗಡೆಯಿಂದ ಎಣಿಸ್ಬೇಕು ಅಂತ ಯಾರು ಹೇಳಿದ್ರು?"

"ಮತ್ತೆ... ಎಲ್ಲಾ ಕಡೆ ಹಾಗೇ ಅಲ್ವಾ?"

"ಎಂಜಿನ್ನೇನು ನಿಮ್ಮ ಆಫೀಸಿನ ಫಾರಮ್ಮಾ? ಸ್ಪ್ಯಾನರ್ ಕೊಡಿ ಇಲ್ಲಿ. ಹಳೇದು ಇದ್ದ ಜಾಗಕ್ಕೇ ಹೋಗ್ಲಿ, ಹೊಸದನ್ನ ಆ ತುದಿಗೆ ಹಾಕಿ ನೋಡೋಣ. ಲ್ಯಾಬಲ್ಲಿ ನಾವು ಅಂದಾಜಿನ ಮೇಲೆ ನಡೆಯಲ್ಲ, ಮಾಡಿ ನೋಡ್ತೀವಿ."

ಹತ್ತೇ ನಿಮಿಷ. ನಂಜುಂಡನ ಪಾಲಿಗೆ ಟಾರ್ಚ್ ಹಿಡಿಯುವ ಕೆಲಸ ಬಂತು. ಅದನ್ನೂ ಎರಡು ಸಲ ತಪ್ಪು ಕಡೆ ಹಿಡಿದ. ಎಂಜಿನ್ ಈ ಸಲ ಸದ್ದಡಗಿಸಿಕೊಂಡು ಓಡಿತು.

ಹನ್ನೊಂದು ಗಂಟೆಗೆ ಅವನು ಪರೀಕ್ಷೆಯ ಮೈದಾನದ ಬೇಲಿ ಹಿಡಿದು ನಿಂತಿದ್ದ. ಪೂರ್ವಿ ಏರಿನ ನಡುವೆ ನಿಯಮದ ಪ್ರಕಾರ ಕಾರು ನಿಲ್ಲಿಸಿದಳು. ಅವನ ಉಸಿರೂ ನಿಂತಿತು. ಕಾರು ಒಂದಂಗುಲವೂ ಹಿಂದಕ್ಕೆ ಜಾರದೆ ಏರು ಹತ್ತಿ ಇಳಿಯಿತು. ಮೈದಾನದ ಫಲಿತಾಂಶದ ಪರದೆಯ ಮೇಲೆ ಅವಳ ಹೆಸರಿನ ಮುಂದೆ 'ಪಾಸ್' ಮೂಡಿತು.

ನಂಜುಂಡ ಪಕ್ಕದಲ್ಲಿದ್ದ ಅಪರಿಚಿತರ ತೋಳು ಹಿಡಿದು, ಅವಳು ತನ್ನ ಹೆಂಡತಿ, ಗಾಡಿ ಸರಿಮಾಡಿದ್ದೂ ಅವಳೇ ಎಂದು ಹರಕು ಹಿಂದಿಯಲ್ಲಿ ಸಾರಿದ. "ಮೇರಿ ವೈಫ್ ಹೈ! ಗಾಡಿ ಭೀ ಉಸೀನೇ ಠೀಕ್ ಕಿಯಾ!"

ಅವರು ಏನೂ ಕೇಳಿರಲಿಲ್ಲ. ಆದರೂ ನಂಜುಂಡ ಅವರಿಗೆ ಕಾಯಿಲ್ ಎಣಿಸುವ ಕ್ರಮವನ್ನು ವಿವರವಾಗಿ ಹೇಳಿದ, ತಾನು ಎಲ್ಲಿ ತಪ್ಪಿದೆ ಎಂಬುದನ್ನೂ ಸೇರಿಸಿ.